ದೇವರ ಗುಳಿಗೆ

ಬಿಜ್ಜರಗಿಯ ನನ್ನ ಅಣ್ಣನ ಮನೆಯಲ್ಲಿ ಕಳೆದ ವರ್ಷ ಒಂದು ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು. ಐವತ್ತರ ಹತ್ತಿರವಿದ್ದ ಅವನ ಹೆಂಡತಿ, ನನ್ನ ವೈನಿಗೆ ಮುಟ್ಟು ಹೊತ್ತುಗೊತ್ತಿಲ್ಲದೆ ಬರುತ್ತಿತ್ತು. ಬಂದರೆ ಬೇಗ ನಿಲ್ಲುತ್ತಿರಲಿಲ್ಲ. ಓಣಿಯ ಹಲವರು ಮಾಡಿಸಿಕೊಂಡಂತೆ ಗರ್ಭಚೀಲವನ್ನೂ ಅಂಡಾಶಯಗಳನ್ನೂ ತೆಗೆಸಿಬಿಡುವುದೆಂದು ಅವರು ತೀರ್ಮಾನಿಸಿದ್ದರು. ಅದೂ ದ್ರಾಕ್ಷಿ ಒಣಗಿಸುವ ಶೆಡ್ಡು ಖಾಲಿಯಾಗಿ ಕೈ ಬಿಡುವಾದ ಮೇಲೆ.

ತಿಕೋಟಾ, ಬಬಲೇಶ್ವರದ ಮಹಿಳಾ ಸಭೆಗಳಲ್ಲಿ ಇದೇ ವಿಷಯ ಮಾತನಾಡುವವಳು ನಾನು. ಋತುಬಂಧ ರೋಗವಲ್ಲ, ಅಂಡಾಶಯ ನಿಧಾನವಾಗಿ ವಿರಮಿಸುವ ಕಾಲ. ಕಾರಣವಿಲ್ಲದೆ ಅದಕ್ಕೂ ಮೊದಲೇ ತೆಗೆಸಿದರೆ ಮೈಬಿಸಿ, ನಿದ್ದೆಗೇಡು ಒಮ್ಮೆಲೇ ಎರಗುತ್ತವೆ, ಮೂಳೆ ಬೇಗ ಸವೆಯುತ್ತದೆ ಎಂದು ವಾದ ಹೂಡಿದೆ. ಕಾಲೇಜಿನ ಚರ್ಚಾಸ್ಪರ್ಧೆಯ ಶಿಸ್ತಿನಲ್ಲಿ ಪ್ರತಿ ಆಕ್ಷೇಪಕ್ಕೂ ಉತ್ತರ ಕೊಟ್ಟೆ.

"ಭಾಷಣ ಮುಗದಿದ್ರ ಚಾ ಕುಡೀರಿ, ಆರಾಕತ್ತೇತಿ," ಎಂದರು ವೈನಿ.

ಆದರೂ ನನ್ನ ಸಮಾಧಾನಕ್ಕೆಂದು ನಮ್ಮ ಅವ್ವನನ್ನು ಕರೆದುಕೊಂಡು ವಿಜಯಪುರಕ್ಕೆ ಬಂದರು. ಆ ಒಪ್ಪಿಗೆಗೆ ನಾನು ಇಂದಿಗೂ ಋಣಿ. ಸೊಲ್ಲಾಪುರ ರಸ್ತೆಯ ವೈದ್ಯೆಯೊಬ್ಬರು ಸ್ಕ್ಯಾನ್ ಮಾಡಿದರು. ಇತರ ಪರೀಕ್ಷೆಗಳನ್ನೂ ಮಾಡಿಸಿದರು. ಗಂಭೀರವಾದದ್ದೇನೂ ಕಾಣಲಿಲ್ಲ.

"ಗುಳಿಗಿ ಏನರ ತಗೋತೀರೇನ್ರಿ?"

"ಯಾವೂ ಇಲ್ರಿ."

"ಹಬ್ಬಕ್ಕ ನುಂಗ್ತೀಯಲ್ಲ ಬೇ?" ಎಂದಳು ಅವ್ವ.

"ಅದೇನ್ ಔಷಧೇನ್ರಿ ಅತ್ತಿ? ಅದು ದೇವರ ಗುಳಿಗಿ."

ಮುಟ್ಟು ಮುಂದೂಡುವ ಗುಳಿಗೆ ಅದು. ಶ್ರಾವಣ, ನವರಾತ್ರಿ, ನೆಂಟರ ಗೃಹಪ್ರವೇಶ, ಎಲ್ಲಕ್ಕೂ ವರ್ಷಗಳಿಂದ ಯಾರನ್ನೂ ಕೇಳದೆ ನುಂಗುತ್ತ ಬಂದಿದ್ದರು. ಈ ವಯಸ್ಸಿನಲ್ಲಿ ಹಾರ್ಮೋನುಗಳು ತಾವಾಗಿಯೇ ಏರಿಳಿಯುತ್ತವೆ, ಅದರ ಮೇಲೆ ಈ ಗುಳಿಗೆ ಬಿದ್ದು ಸ್ರಾವ ಇನ್ನಷ್ಟು ತಾಳ ತಪ್ಪಿರಬಹುದು ಎಂದರು ವೈದ್ಯೆ. ಗುಳಿಗೆ ಪೂರ್ತಿ ಬಿಟ್ಟು ಕೆಲವು ತಿಂಗಳು ನೋಡೋಣ. ಸ್ರಾವ ಹತೋಟಿಗೆ ಬಂದರೆ ಶಸ್ತ್ರಚಿಕಿತ್ಸೆಯ ಮಾತೇ ಬೇಡ.

ಹಿಂದಿರುಗುವಾಗ ಅವ್ವ, ಇಷ್ಟು ವರ್ಷದಲ್ಲಿ ಎಷ್ಟು ಗುಳಿಗೆ ನುಂಗಿದ್ದೀ ಎಂದು ವೈನಿಯನ್ನು ಎರಡು ಸಲ ಕೇಳಿದಳು. ಮುಟ್ಟಾಗಿ ಹೊರಗಾದವರು ದೇವರ ಕೋಣೆಯ ಹೊಸ್ತಿಲು ದಾಟಬಾರದೆಂಬುದು ಅವಳದೇ ಕಟ್ಟಳೆ.

ಮಳೆಗಾಲದಲ್ಲಿ ಸ್ರಾವ ತಕ್ಕಮಟ್ಟಿಗೆ ಇಳಿಯಿತು. ಆದರೆ ನವರಾತ್ರಿ ಬಂದಾಗ ನನಗೆ ಅಳುಕಿತ್ತು. ಒಂಬತ್ತು ದಿನ ಆರದಂತೆ ದೀಪ ಕಾಯುವುದು ಆ ಮನೆಯ ಸೊಸೆಯ ಕೆಲಸ. ಮತ್ತೆ ಗುಳಿಗೆ ನುಂಗಿದರೆ ಎಲ್ಲವೂ ಮೊದಲಿನಂತೆಯೇ. ಹಬ್ಬದ ನಡುವೆ ನಾನು ಬಿಜ್ಜರಗಿಗೆ ಹೋದ ದಿನ ವೈನಿ ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಸಿ ಕುಳಿತಿದ್ದರು. ನುಂಗಿರಲಿಲ್ಲ.

ಒಳಗಿನಿಂದ ಅವ್ವ ಕೂಗಿದಳು: "ದೀಪದಾಗ ಎಣ್ಣಿ ಕಡಿಮಿ ಆಗೇತಿ. ಬಂದು ಹಾಕು."

"ಅತ್ತಿ, ನಾ ಹೊರಗ ಆಗೇನ್ರಿ."

"ನನಗ ಗೊತ್ತೈತಿ. ಎಣ್ಣಿಗೇನ್ ಗೊತ್ತೈತಿ? ಬಾ."

ವೈನಿ ನನ್ನತ್ತ ನೋಡಿದರು. ನಾನು ದಾರಿ ಬಿಟ್ಟು ಸರಿದು ನಿಂತೆ. ಅವರು ಎದ್ದು, ಕೈತೊಳೆದು, ಹೊಸ್ತಿಲು ದಾಟಿದರು.