ಉಪಗ್ರಹಕ್ಕೆ ಒಣಗಿದಂತೆ ಕಂಡ ಮಾವಿನ ತೋಪು

ನಾನು ಕೋಲಾರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮೂರು ವರ್ಷದಿಂದ ನನ್ನ ಭಾನುವಾರಗಳೆಲ್ಲ ಮಾವಿನ ಮರಗಳ ಕೆಳಗೆ ಕಳೆಯುತ್ತಿವೆ. ಉಪಗ್ರಹದ ಚಿತ್ರಗಳನ್ನು ನೋಡಿ ಗಿಡಮರಗಳ ಋತುಮಾನ ಗುರುತಿಸುವ ತಂಡವೊಂದು ಬೆಂಗಳೂರಿನಲ್ಲಿದೆ. ಮೇಲಿನಿಂದ ಕಂಡದ್ದು ನೆಲದ ಮೇಲೂ ನಿಜವೇ ಎಂದು ನೋಡಿ ಹೇಳುವವರು ಅವರಿಗೆ ಬೇಕಿತ್ತು. ನಾನು ಒಪ್ಪಿಕೊಂಡೆ. ಶ್ರೀನಿವಾಸಪುರದ ಹತ್ತಿರ ಒಂದು ತೋಪಿನಲ್ಲಿ ಇಪ್ಪತ್ತು ಮರ ಆರಿಸಿಕೊಂಡು, ಚಿಗುರು ಬಂತೇ, ಹೂವು ಬಂತೇ, ಮಿಡಿ ಕಚ್ಚಿತೇ ಎಂದು ವಾರಕ್ಕೊಮ್ಮೆ ಬರೆದುಕೊಳ್ಳುವುದು ನನ್ನ ಕೆಲಸ.

ಅನುಮತಿಯನ್ನು ತೋಪಿನ ಮಾಲೀಕರಿಂದ ಪಡೆದಿದ್ದೆ. ಅವರ ತಾಯಿಗೆ ವಿಷಯ ಗೊತ್ತಿರಲಿಲ್ಲ. ಮೊದಲ ದಿನ ನಾನು ಕೊಂಬೆಗೆ ನಂಬರಿನ ತಗಡು ಕಟ್ಟುತ್ತಿದ್ದಾಗ, ಎಪ್ಪತ್ತು ದಾಟಿದ ಆ ಅಜ್ಜಿ ಕೋಲು ಹಿಡಿದು ಬಿರಬಿರನೆ ಬಂದರು.

“ಯಾವ ಮಂಡಿಯೋಳಮ್ಮಾ ನೀನು? ಪೂತಾನೇ ಬಂದಿಲ್ಲ, ಆಗ್ಲೇ ಫಸಲು ಅಂದಾಜು ಮಾಡೋಕ್ ಬಂದ್ಬಿಟ್ಯಾ?”

ಇಲ್ಲಿನವರು ಮಾವಿನ ಹೂವಿಗೆ ತೆಲುಗಿನ ಪೂತ ಎಂಬ ಹೆಸರನ್ನೇ ಬಳಸುತ್ತಾರೆ.

“ಇಲ್ಲ ಅಜ್ಜಿ, ನಾನು ಟೀಚರ್. ಮರ ಯಾವಾಗ ಹೂ ಬಿಡುತ್ತೆ ಅಂತ ಬರ್ಕೊಂಡು ಬೆಂಗಳೂರಿಗೆ ಕಳಿಸ್ತೀನಿ. ಅವ್ರು ಆಕಾಶದಿಂದ ತೆಗೆದ ಫೋಟೋ ಜೊತೆ ಹೋಲಿಸಿ ನೋಡ್ತಾರೆ.”

ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. “ಅಲ್ಲಿಂದ್ಲೇ ಕಾಣ್ಸೋದಾದ್ರೆ ನಿನ್ನ ಯಾಕೆ ಬಸ್ಸಲ್ಲಿ ಓಡಾಡಿಸ್ತಾರೆ?”

ನಾನು ನಕ್ಕು ಮುಂದಿನ ಕೊಂಬೆಗೆ ತಗಡು ಕಟ್ಟಿದೆ. ಆದರೂ ಹೊರಡುವಾಗ ಒಂದು ಲೋಟ ಮಜ್ಜಿಗೆ ಸಿಕ್ಕಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಶುಕ್ರವಾರ ತಂಡದ ವಿಜ್ಞಾನಿಯೊಬ್ಬರು ಗಾಬರಿಯಿಂದ ಫೋನ್ ಮಾಡಿದರು. “ಮೇಡಂ, ನಿಮ್ಮ ತೋಪಿನಲ್ಲಿ ಹಸಿರು ಇಳೀತಾ ಇದೆ. ಮರಗಳು ಒಣಗ್ತಿರೋ ಹಾಗೆ ಕಾಣುತ್ತೆ. ರೋಗ ಏನಾದ್ರೂ ಬಂದಿದೆಯಾ ನೋಡ್ತೀರಾ?”

ಹಿಂದಿನ ಭಾನುವಾರ ಮದುವೆಯೊಂದಕ್ಕೆ ಹೋಗಿ ತೋಪನ್ನು ತಪ್ಪಿಸಿದ್ದೆ. ಅಜ್ಜಿಗೆ ಏನು ಹೇಳಲಿ ಎಂಬ ಚಿಂತೆಯಲ್ಲೇ ಮರುದಿನ ಮಧ್ಯಾಹ್ನ ಬಸ್ ಹತ್ತಿದೆ. ತೋಪಿನ ಬೇಲಿ ಕಾಣುವ ಮೊದಲೇ ವಾಸನೆ ಬಂತು. ಮರಗಳಿಗೆ ಮರಗಳೇ ಹೂವಿನಲ್ಲಿ ಮುಳುಗಿದ್ದವು. ತಿಳಿಹಳದಿ ಗೊಂಚಲುಗಳ ನಡುವೆ ಎಲೆ ಹುಡುಕಬೇಕಿತ್ತು. ಜೇನುಹುಳುಗಳ ಸದ್ದಿನಲ್ಲಿ ನನ್ನ ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ.

“ಒಣಗೈತಂತಾ?” ಅಜ್ಜಿ ಕೆಳಗೆ ಕೂತು ನಕ್ಕರು. ನಗುತ್ತಾ ಕೆಮ್ಮು ಬಂತು, ಕೆಮ್ಮಿ ಮತ್ತೆ ನಕ್ಕರು. “ಅವ್ರನ್ನೇ ಬರಕ್ ಹೇಳಮ್ಮ. ಬಂದು ಕಣ್ಣಾರೆ ನೋಡ್ಕೊಂಡ್ ಹೋಗ್ಲಿ.”

ಮರುದಿನವೇ ವಿಜ್ಞಾನಿ ಬಂದರು. ಹೂವು ಎಲೆಯನ್ನು ಮುಚ್ಚಿದಾಗ ಉಪಗ್ರಹಕ್ಕೆ ಹಸಿರು ಕಡಿಮೆಯಾಗಿ ಕಾಣುವುದನ್ನು ಅವರೇ ಅಜ್ಜಿಗೆ ವಿವರಿಸತೊಡಗಿದರು, ಆದರೆ ಮಾತು ಮುಗಿಸಲಾಗಲಿಲ್ಲ. ಹೂವಿನ ಗಾಳಿಗೆ ಒಂದರ ಹಿಂದೊಂದು ಸೀನು. ನಾಲ್ಕು ವರ್ಷದಿಂದ ದಿನವೂ ಈ ತೋಟಗಳನ್ನು ಉಪಗ್ರಹದ ಚಿತ್ರಗಳಲ್ಲಿ ನೋಡುತ್ತಿದ್ದ ಮನುಷ್ಯ ಮಾವಿನ ಹೂವಿನ ಹತ್ತಿರ ನಿಂತದ್ದು ಅದೇ ಮೊದಲಂತೆ.

ಅಜ್ಜಿ ಬಿಸಿನೀರು ಕೊಟ್ಟು, “ಎಲ್ಲಿ, ಮೇಲಿಂದ ತೆಗ್ದಿರೋ ಫೋಟೋ ತೋರ್ಸಪ್ಪಾ” ಎಂದರು. ವಿಜ್ಞಾನಿ ಲ್ಯಾಪ್‌ಟಾಪ್ ತೆರೆದು, ಒಂದೊಂದು ಬೆಳೆಗೆ ಒಂದೊಂದು ಬಣ್ಣ ಹಾಕಿದ ಚಿತ್ರ ತೋರಿಸಿದರು. ಅಜ್ಜಿ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ನೀರಿನ ತೊಟ್ಟಿ, ದಾರಿ, ಹೋದ ಮಳೆಗಾಲದಲ್ಲಿ ಎರಡು ಮರ ಬಿದ್ದ ಜಾಗ, ಎಲ್ಲವನ್ನೂ ಬೆರಳಿಟ್ಟು ಗುರುತಿಸಿದರು. ಪಕ್ಕದ ಹೊಲದ ಮೇಲೆ ಬೆರಳು ನಿಂತಿತು.

“ಇದಕ್ಕೂ ನಮ್ಮ ತೋಪಿನ ಬಣ್ಣಾನೇ ಹಾಕಿದೀಯಲ್ಲ?”

“ಅದೂ ಮಾವು ಅಲ್ವಾ ಅಜ್ಜಿ?”

“ನೀಲಗಿರಿ ಕಣಪ್ಪಾ! ಅದ್ರಲ್ಲಿ ಎಲ್ಲಿಂದ ಬರ್ತದೆ ಮಾವಿನಕಾಯಿ?”

ಅವರು ನಾಚಿಕೊಂಡು ಅಲ್ಲೇ ನಕ್ಷೆ ತಿದ್ದಿದರು. ಅಂದಿನಿಂದ ನಮ್ಮ ದಾಖಲೆಯ ಹಾಳೆಯಲ್ಲಿ ಒಂದು ಹೊಸ ಕಾಲಂ ಸೇರಿದೆ, “ಅಜ್ಜಿಯ ಮಾತು” ಎಂದು. ಹೂವಿನ ವಿಷಯದಲ್ಲಿ ಅದು ಉಪಗ್ರಹಕ್ಕಿಂತ ಯಾವಾಗಲೂ ಕೆಲವು ದಿನ ಮುಂದಿರುತ್ತದೆ.

ಈ ವರ್ಷ ನಾನು ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದಾಗ ಅಜ್ಜಿಯ ಫೋನ್ ಬಂತು. ಅವರ ದನಿ ಎಷ್ಟು ಜೋರೆಂದರೆ ಹಿಂದಿನ ಬೆಂಚಿಗೂ ಕೇಳಿಸಿತು.

“ಮೇಡಮ್ಮಾ, ತೊಟ್ಟಿ ಪಕ್ಕದ್ ಮರ ಪೂತ ಹಾಕೈತೆ! ಮೇಲ್ನೋರ್ಗೆ ಇನ್ನೂ ಕಂಡಿರಲ್ಲ, ನೀನೇ ಹೇಳ್ಬಿಡು!”

ತರಗತಿಯಿಡೀ ನಕ್ಕಿತು. ಮೇಲಿನವರು ಯಾರು ಎಂದು ಒಬ್ಬಳು ಕೇಳಿದಳು. ನಾನು ಹಾಜರಿ ಪುಸ್ತಕ ಮುಚ್ಚಿಟ್ಟು ಎಲ್ಲವನ್ನೂ ಹೇಳಿದೆ. ಆ ಭಾನುವಾರ ಶ್ರೀನಿವಾಸಪುರದ ಬಸ್ಸಿನಲ್ಲಿ ನನ್ನ ಜೊತೆ ಹನ್ನೊಂದು ವಿದ್ಯಾರ್ಥಿಗಳಿದ್ದರು.