ಚೀಲ ಹಿಡಿದು ಓಡುತ್ತಿದ್ದ ನಮ್ಮ ಸುಕನ್ಯಕ್ಕ

ಇಲ್ಲ... ನಂಬುವುದಕ್ಕೆ ಆಗುತ್ತಿಲ್ಲ.
ನಿನ್ನೆ ಸಂಜೆ ನಮ್ಮ ಗೇಟಿನ ಹತ್ತಿರ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದವರು...
ಇವತ್ತು ಇಲ್ಲ ಎಂದರೆ?

ಗೆಳೆಯರೇ,
ನಮ್ಮ ಶಾಲೆಯ ಗಣಿತದ ಮೇಡಂ, ಹಿಂದಿನ ಬೀದಿಯ ಸುಕನ್ಯಕ್ಕ ಬೆಳಗಿನ ಜಾವ ಹೋಗಿಬಿಟ್ಟರು.
ಎದೆನೋವು ಎಂದರಂತೆ. ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಸಿಗಲಿಲ್ಲ...
"ದಿನಾ ಓಡೋರಿಗೇ ಹಿಂಗಾದ್ರೆ" ಎಂದು ಕಮೆಂಟ್ ಹಾಕುವವರು ದಯವಿಟ್ಟು ಇವತ್ತೊಂದು ದಿನ ಸುಮ್ಮನಿರಿ.

ಹೊಳೆನರಸೀಪುರದಲ್ಲಿ ಅವರನ್ನು ನೋಡದವರು ಕಡಿಮೆ.
ಚೂಡಿದಾರ್, ಬಿಳಿ ಶೂ, ಕೈಯಲ್ಲೊಂದು ಬಟ್ಟೆ ಚೀಲ... ಓಟ.

ಆ ಚೀಲದ ಕಥೆ ಗೊತ್ತಾ?
ಮೊದಮೊದಲು ಬರಿಗೈಯಲ್ಲಿ ಓಡುತ್ತಿದ್ದರು. ಬೀದಿಗೊಬ್ಬರು ತಡೆದು ಕೇಳುತ್ತಿದ್ದರು,
"ಯಾಕವ್ವಾ ಇಂಗೆ ಓಡ್ತಿದೀಯ? ಯಾರ್ಗೇನಾಯ್ತು?"
ಹೆಂಗಸು ಓಡಿದರೆ ಯಾರಿಗೋ ಏನೋ ಆಗಿರಲೇಬೇಕು ನಮ್ಮೂರಲ್ಲಿ!
ಒಂದು ದಿನ ಚೀಲ ಹಿಡಿದು ಹೊರಟರು ನೋಡಿ... ಆಮೇಲೆ ಯಾರೂ ಕೇಳಲಿಲ್ಲ. ಪಾಪ, ಏನೋ ತರುವುದಿದೆ ಎಂದುಕೊಂಡರು.

ಅಲ್ಲಿಂದ ಶುರುವಾಯಿತು.
ಪಕ್ಕದ ಅಂಗಡಿ ಬಿಟ್ಟು ಸೊಪ್ಪಿಗೆ ಸೇತುವೆಯವರೆಗೆ. ಹೋಗುವಾಗ ಓಟ, ಚೀಲ ತುಂಬಿದ ಮೇಲೆ ನಿಧಾನದ ಓಟ.
ತಮ್ಮ ಮನೆಯ ಕೆಲಸ ಸಾಲದೆ ನಮ್ಮ ಬಾಗಿಲಿಗೂ ಬರುತ್ತಿದ್ದರು.
"ಏನಾದ್ರೂ ತರೋದೈತೇನ್ರೇ? ಕರಿಬೇವಾದ್ರೂ ಹೇಳ್ರೇ!"
ಹಾಲು ಮಾತ್ರ ನಾವು ಹೇಳುತ್ತಿರಲಿಲ್ಲ. "ಮನೆ ಮುಟ್ಟೋ ಹೊತ್ಗೆ ಬೆಣ್ಣೆ ಬಂದಿರ್ತದೆ ಅಕ್ಕ" ಎಂದು ರೇಗಿಸುತ್ತಿದ್ದೆವು.

ಅಕ್ಕ... ಹಾಸನದ ಓಟದ ಸ್ಪರ್ಧೆ ನೆನಪಿದೆಯಾ?
ಮೆಡಲ್ ಸಿಗುವಷ್ಟು ಮುಂದಿದ್ದಿರಿ. ರಸ್ತೆ ಬದಿಯಲ್ಲಿ ಸೊಗಡಿನ ಅವರೆಕಾಯಿ ರಾಶಿ ಕಂಡಿತು... ಕಾಲು ತಾನಾಗಿ ನಿಂತಿತಂತೆ!
ಎದೆಯ ಮೇಲೆ ಓಟದ ನಂಬರ್ ಅಂಟಿಸಿಕೊಂಡೇ ಚೌಕಾಸಿ ಮಾಡಿ, ಚೀಲ ತುಂಬಿಸಿಕೊಂಡು, ಎಲ್ಲರಿಗಿಂತ ಕೊನೆಗೆ ಬಂದಿರಿ.
ನಾವು ಬೈದರೆ, "ಮೆಡಲ್ ತಂದ್ರೆ ಸಾರಿಗೆ ಹಾಕಕ್ಕಾಯ್ತದೇನೇ?" ಎಂದಿರಿ.
ಅವತ್ತಿನ ಅವರೆಕಾಳಿನ ಸಾರು... ಈಗಲೂ ಬೇಕು ಅನಿಸುತ್ತಿದೆ ಅಕ್ಕ.

ಎಷ್ಟು ಸಲ ಕರೆದಿರಿ ನನ್ನನ್ನು...
"ಬಾರೇ ಶೋಭಾ, ಒಬ್ಳಿಗೇ ಬೇಜಾರು."
ನಾನು ಬರಲಿಲ್ಲ. ಬದಲಿಗೆ ಕೆಲಸ ಹೇಳಿ ಕಳಿಸಿದೆ.
ನಿನ್ನೆಯೂ ಅಷ್ಟೇ. ಬೆಳಿಗ್ಗೆ ದಂಟಿನ ಸೊಪ್ಪು ತನ್ನಿ ಎಂದೆ.
"ತರಲ್ಲ ಹೋಗು. ಆರು ಗಂಟೆಗೆ ನೀನೇ ಎದ್ದು ಬಾ, ಇಬ್ರೂ ಓಡ್ಕೊಂಡು ಹೋಗಿ ತರಾಣ."
ಹೂಂ ಎಂದೆ... ಸುಮ್ಮನೆ, ಬಾಯಿ ಮಾತಿಗೆ.

ಆರಕ್ಕೆ ಸರಿಯಾಗಿ ಫೋನ್. ಸ್ಕ್ರೀನ್ ಮೇಲೆ ನಿಮ್ಮ ಹೆಸರು.
ಎಬ್ಬಿಸುತ್ತಿದ್ದೀರಿ ಎಂದುಕೊಂಡು ಕಟ್ ಮಾಡಿ ಮುಸುಕು ಹೊದ್ದೆ ಅಕ್ಕ...
ಮತ್ತೆ ಬಂತು. ಮತ್ತೆ ಬಂತು.
ಎತ್ತಿದರೆ ನಿಮ್ಮ ಯಜಮಾನರ ದನಿ.

ಓಡಿದೆ.
ಕಾಲಲ್ಲಿ ಚಪ್ಪಲಿಯಿಲ್ಲ, ಕೈಯಲ್ಲಿ ಚೀಲವಿಲ್ಲ.
ಟೀ ಅಂಗಡಿಯ ತಾತ ಎದ್ದು ನಿಂತು ಕೂಗಿದರು,
"ಯಾಕವ್ವಾ ಅಂಗೆ ಓಡ್ತಿದೀಯ? ಯಾರ್ಗೇನಾಯ್ತು?"
ನಿಲ್ಲದೆ ಓಡಿದೆ...

ಚೀಲ ನಿಮ್ಮ ಮನೆಯ ಬಾಗಿಲ ಹಿಂದೆ ಮೊಳೆಯಲ್ಲಿ ನೇತಾಡುತ್ತಿತ್ತು.
ಒಳಗೊಂದು ಚೀಟಿ. ನಿಮ್ಮದೇ ಅಕ್ಷರ.
"ಶೋಭಾ, ದಂಟಿನ ಸೊಪ್ಪು, ಎರಡು ಕಟ್ಟು."
ನಾನು ಬರುವುದಿಲ್ಲ ಎಂದು ನಿಮಗೆ ಗೊತ್ತಿತ್ತು.

ಗೆಳೆಯರೇ, ಅಂತ್ಯಕ್ರಿಯೆ ಸಂಜೆ ನಾಲ್ಕಕ್ಕೆ, ಅರಕಲಗೂಡಿನ ಹತ್ತಿರ ಅವರ ಊರಿನ ಹೊಲದಲ್ಲಿ. ಬರಲು ಆಗುವವರು ಬನ್ನಿ.

ಅಕ್ಕ, ನಾಳೆ ಆರಕ್ಕೆ ಎದ್ದು ಸೇತುವೆಯವರೆಗೆ ಓಡುತ್ತೇನೆ. ನಿಮ್ಮ ಚೀಲ ಹಿಡಿದು. ಇದು ಬಾಯಿ ಮಾತಲ್ಲ.
ನೀವಿನ್ನು ಬರಿಗೈಯಲ್ಲಿ ಓಡಿ... ಅಲ್ಲಿ ಯಾರೂ ತಡೆದು ಕೇಳದಿರಲಿ.
ಹೋಗಿ ಬನ್ನಿ ಅಕ್ಕ. ನಿಮ್ಮ ಜೀವಕ್ಕೆ ನೆಮ್ಮದಿ ಸಿಗಲಿ. 🙏