ಗಾರೆ ಅಕ್ಕ ಮತ್ತು ನನ್ನ ಕುರ್ಚಿ

ನಮ್ಮ ಪ್ರಯೋಗಾಲಯದಲ್ಲಿ ಗೋಡೆ ಕಟ್ಟುವುದೇ ಒಡೆಯುವುದಕ್ಕೆ. ಅದು ಹೇಗೆ ಒಡೆಯುತ್ತದೆಂದು ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವವರು ಇಬ್ಬರು: ನಾನು ಮತ್ತು ಗಾರೆ ಅಕ್ಕ. ಇಟ್ಟಿಗೆಗಿಂತ ನಡುವಿನ ಗಾರೆಯ ಬಗ್ಗೆಯೇ ಸದಾ ಮಾತಾಡುವುದರಿಂದ ಆ ಹೆಸರು. ಇಬ್ಬರು ಮಕ್ಕಳನ್ನು ಸಾಕಲೆಂದು ವರ್ಷಗಟ್ಟಲೆ ಮನೆಯಲ್ಲಿದ್ದು, ಆಮೇಲೆ ಬಂದು ನನ್ನ ಪಕ್ಕದ ಮೇಜಿಗೆ ಕೂತವಳು. ಕೂತ ದಿನವೇ ನನ್ನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು.

ಕಾರಣಗಳು ಬೇಕಾದಷ್ಟಿದ್ದವು. ಕಂಪ್ಯೂಟರಿನಲ್ಲಿ ಅವಳು ಕಟ್ಟುವ ಗೋಡೆಯ ಮಾದರಿ ಬೂದು ಬಣ್ಣದ್ದು, ಆಮೆಯ ನಡಿಗೆಯದು. ಪ್ರತಿ ಇಟ್ಟಿಗೆಗೂ ಬೇರೆ ಲೆಕ್ಕ, ಪ್ರತಿ ಗಾರೆಯ ಸಂದಿಗೂ ಬೇರೆ ಲೆಕ್ಕ. ನನ್ನದು ಕಾಮನಬಿಲ್ಲು, ಮಿಂಚಿನ ವೇಗ. ಮಿತಿಮೀರಿ ನಜ್ಜುಗುಜ್ಜಾದ ತುಂಡನ್ನು ನನ್ನ ಪ್ರೋಗ್ರಾಮು ಅಳಿಸಿಹಾಕುತ್ತದೆ, ಇಲ್ಲದಿದ್ದರೆ ಲೆಕ್ಕ ಅಲ್ಲೇ ನಿಂತುಬಿಡುತ್ತದೆ. ಆದರೂ ನಮ್ಮ ಮೇಲಧಿಕಾರಿ ನನ್ನ ಚಿತ್ರ ನೋಡಿ "ಚೆನ್ನಾಗಿದೆ" ಎಂದು, ಹೋಗಿ ಕೂರುತ್ತಿದ್ದುದು ಅಕ್ಕನ ಪಕ್ಕ. ನಮ್ಮಮ್ಮ ಬೇರೆ, ಒಮ್ಮೆ ನಾನು ಮರೆತುಬಂದ ಡಬ್ಬಿ ಕೊಡಲು ಬಂದವಳು ಅವಳೊಡನೆ ಹರಟಿ ಹೋಗಿ, ಸಂಜೆ ಬಾಗಿಲಲ್ಲೇ "ಅವಳನ್ನ ನೋಡಿ ಕಲಿಯೋ" ಎಂದಳು.

ಇಷ್ಟರಲ್ಲಿ ಗೋಡೆಯ ತಂಡಕ್ಕೆ ಮುಖ್ಯಸ್ಥರು ಬೇಕಾದರು. "ಲಾರಿ ಗುದ್ದಿದ್ರೆ ಈ ಗೋಡೆ ಏನಾಗುತ್ತೆ, ಇಬ್ಬರೂ ಹೇಳಿ. ಯಾರ ಮಾತು ನಿಜ ಆಗುತ್ತೋ ತಂಡ ಅವರದ್ದು," ಎಂದರು ಮೇಲಧಿಕಾರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ ನಾನು. ಮೊದಲ ಸಭೆಯಲ್ಲಿ ಅಕ್ಕನಿಗೆ ಏನು ಬುದ್ಧಿ ಹೇಳಬೇಕೆಂದೂ ಯೋಚಿಸಿಟ್ಟೆ.

ಲಾರಿಯ ಬದಲು ಹಳಿಯ ಮೇಲೆ ಓಡುವ ಕಬ್ಬಿಣದ ಬಂಡಿ. ನಮ್ಮಲ್ಲೊಂದು ರೂಢಿ: ಗೋಡೆಯ ಹಿಂದೆ ಎಲ್ಲಿ ಅಪಾಯವಿಲ್ಲವೆಂದು ಲೆಕ್ಕ ಹೇಳುತ್ತದೋ ಅಲ್ಲಿ, ಹೇಳಿದವರು ತಮ್ಮ ಸ್ವಂತದ್ದೇನಾದರೂ ಇಡಬೇಕು. ನನ್ನ ಪರದೆಯಲ್ಲಿ ಗೋಡೆಗೆ ನಡುವೆ ತೂತು ಬಿದ್ದಿತ್ತು, ಹಿಂದಿನ ನೆಲ ಮಾತ್ರ ಚೊಕ್ಕಟ. ನಾನೇ ಕೊಂಡು ತಂದಿದ್ದ ತಿರುಗು ಕುರ್ಚಿಯನ್ನು ಗೋಡೆಗೆ ಹತ್ತಿರವೇ ತಂದಿಟ್ಟೆ. ಮುಖ್ಯಸ್ಥ ಕೂರಬೇಕಾದ ಕುರ್ಚಿ ನೋಡಿ!

"ತಮ್ಮಾ, ಕುರ್ಚಿ ಹಿಂದಕ್ಕೆ ಎಳ್ಕೋ," ಎಂದಳು ಅಕ್ಕ, ತನ್ನ ಊಟದ ಡಬ್ಬಿಯನ್ನು ದೂರದ ಕಂಬದ ಬುಡದಲ್ಲಿಡುತ್ತಾ.

"ಯಾಕಕ್ಕಾ, ಹೆದರಿಕೆನಾ?"

"ಅಲ್ವೋ, ಆ ತೂತಿನಲ್ಲಿದ್ದ ಇಟ್ಟಿಗೆಗಳೆಲ್ಲ ಎಲ್ಲಿ ಹೋದ್ವು?"

"ಪ್ರೋಗ್ರಾಮು ಅಳಿಸಿಹಾಕ್ತು."

"ಒಡೆದದ್ದು ಹಾಗೆಲ್ಲ ಮಾಯ ಆಗಲ್ಲ ಕಣೋ. ಎರಡು ಮಕ್ಕಳಿರೋ ಮನೆ ಗುಡಿಸಿದ್ದೀನಿ, ನನಗೆ ಗೊತ್ತು."

ಎಲ್ಲರೂ ನಕ್ಕರು. ನಗದವನು ನಾನೊಬ್ಬನೇ, ಆ ಮಾತು ನನಗೇಕೆ ಹೊಳೆಯಲಿಲ್ಲವೆಂದು ಉರಿಯುತ್ತಿದ್ದೆ. ಕುರ್ಚಿಯನ್ನು ಇನ್ನೂ ಒಂದು ಗೇಣು ಮುಂದಕ್ಕೆ ತಳ್ಳಿದೆ.

ಬಂಡಿ ಗುದ್ದಿತು. ಧೂಳು ಇಳಿದ ಮೇಲೆ ನೋಡಿದರೆ ತೂತು ನಾನು ಹೇಳಿದಲ್ಲೇ, ಹೇಳಿದಷ್ಟೇ ಅಗಲ. ಅಲ್ಲಿಂದ ಹಾರಿದ ಇಟ್ಟಿಗೆಗಳು ಮಾತ್ರ ಮಾಯವಾಗಿರಲಿಲ್ಲ, ನನ್ನ ಕುರ್ಚಿಯ ಮೇಲೆ ರಾಶಿ ಬಿದ್ದಿದ್ದವು. ಕುರ್ಚಿಯ ಬೆನ್ನು ಮುರಿದಿತ್ತು. ಅದರ ಒಂದು ಚಕ್ರ ಉರುಳಿಕೊಂಡು ಹೋಗಿ ಅಕ್ಕನ ಡಬ್ಬಿಯ ಪಕ್ಕದಲ್ಲಿ ಶರಣಾಗಿ ಮಲಗಿತ್ತು. ಡಬ್ಬಿಗೆ ಬರೀ ಧೂಳು.

ತಂಡ ಅಕ್ಕನದಾಯಿತು. "ಆದ್ರೆ ತೂತಿನ ಜಾಗ ಸರಿಯಾಗಿ ಹೇಳಿದ್ದು ಇವನೇ ಸಾರ್, ನಂದು ಒಂದು ಇಟ್ಟಿಗೆ ಸಾಲಿನಷ್ಟು ತಪ್ಪಿತ್ತು," ಎಂದಳು ಎಲ್ಲರೆದುರು. ನೆಮ್ಮದಿಯಾಗಿ ದ್ವೇಷಿಸುವುದಕ್ಕೂ ಬಿಡಲಿಲ್ಲ ಪುಣ್ಯಾತಗಿತ್ತಿ.

ಈಗ ನಾನು ಅವಳ ತಂಡದಲ್ಲಿದ್ದೇನೆ, ಅವಳೇ ಬಿಟ್ಟುಕೊಟ್ಟ ಹಳೆಯ ಕುರ್ಚಿಯ ಮೇಲೆ. ಅದು ಕಿರ್ರೆಂದಾಗಲೆಲ್ಲ "ಆರಾಮಾಗಿದೆಯೇನೋ ತಮ್ಮಾ?" ಎಂದು ಕೇಳುತ್ತಾಳೆ.

ಆರಾಮಾಗಿಯೇ ಇದೆ. ಸಂಕಟವೂ ಅದೇ.